ಮರಳುದಿಬ್ಬದಲ್ಲಿ ಬಾಣಂತನ

ತಂಗಿ ಊರಿಗೆ ಹೋಗಬಹುದಾಗಿದ್ದ ವಿಮಾನದ ಸುದ್ದಿ ನನಗೆ ಗೊತ್ತಿತ್ತು. ನಾನು ಅವಳಿಗೆ ಹೇಳಲಿಲ್ಲ.

ನಮಗೆ ಅಮ್ಮ ಇಲ್ಲ. ನನ್ನ ಬಾಣಂತನಕ್ಕೆಂದು ತಂಗಿಯೇ ತನ್ನ ಪುಟ್ಟ ಮಗಳನ್ನು ಅತ್ತೆಯ ಬಳಿ ಬಿಟ್ಟು ತುಮಕೂರಿನಿಂದ ಜಪಾನಿನ ತೊತ್ತೋರಿಗೆ ಬಂದಿದ್ದಳು. ನನ್ನ ಗಂಡ ಇಲ್ಲೊಂದು ಹೋಟೆಲಿನಲ್ಲಿ ಅಡುಗೆಯವರು. ಕೂಸು ಹುಟ್ಟುವಷ್ಟರಲ್ಲಿ ಕೊರೊನಾ ಬಂತು, ವಿಮಾನಗಳು ನಿಂತವು. ನಮ್ಮದು ಒಂದೇ ಕೋಣೆ. ಕಿಟಕಿ ತೆರೆದರೆ ಕಡಲಂಚಿನ ಮರಳುದಿಬ್ಬದ ಕಡೆಯಿಂದ ಮರಳು ಹಾಸಿಗೆಗೆ ಬರುತ್ತಿತ್ತು, ಮುಚ್ಚಿದರೆ ಉಸಿರುಕಟ್ಟುತ್ತಿತ್ತು. ಅವಳು ದಿನಾ ಫೋನಿನಲ್ಲಿ ಮಗಳನ್ನು ಕರೆಯುತ್ತಿದ್ದಳು. ಬರುಬರುತ್ತ ಆ ಮಗು ಫೋನಿನ ಹತ್ತಿರ ಬರುವುದನ್ನೇ ಬಿಟ್ಟಿತು.

ಇಲ್ಲಿನ ಬೇಸಿಗೆಯಲ್ಲಿ ಒಂದು ದಿನ ಗಂಡ ಹೇಳಿದರು, "ಊರಿಗೆ ಸ್ಪೆಷಲ್ ಫ್ಲೈಟ್ ಬಿಡ್ತಾರಂತೆ. ಅವಳ ಹೆಸರು ಕೊಡೋಣ್ವಾ?"

"ಮುಂದಿನದ್ರಲ್ಲಿ ಕಳಿಸೋಣ. ಅವಳಿಗೆ ಹೇಳ್ಬೇಡಿ," ಅಂದೆ.

ಅವಳು ಹೋದರೆ ಆ ಕೋಣೆಯಲ್ಲಿ ಕೂಸಿನ ಜೊತೆ ನಾನೊಬ್ಬಳೇ ಎಂಬ ಹೆದರಿಕೆ. ಗಂಡ ಮತ್ತೆ ಕೇಳಲಿಲ್ಲ.

ಶರತ್ಕಾಲದ ಮೊದಲಲ್ಲಿ ಒಂದು ಮಧ್ಯಾಹ್ನ ಕೂಸನ್ನೆತ್ತಿಕೊಂಡು ಇಬ್ಬರೂ ಮರಳುದಿಬ್ಬಕ್ಕೆ ಹೋದೆವು. ಇಲ್ಲಿಯವರಿಗೆ ಅದೇ ಮರಳುಗಾಡು. ಚಪ್ಪಲಿಯೊಳಗೂ ಕಾಲು ಸುಡುತ್ತಿತ್ತು. ನೆತ್ತಿ ಹತ್ತುವುದರೊಳಗೆ ಸಮುದ್ರ ಕಪ್ಪಾಯಿತು. ತಣ್ಣನೆಯ ಗಾಳಿ ಎದ್ದು ಮರಳು ಮುಖಕ್ಕೆ ರಾಚಿತು, ಹಿಂದೆಯೇ ಮಳೆ. ಬಂದ ದಾರಿ ಕಾಣಲಿಲ್ಲ. ಕೂಸನ್ನು ನಡುವೆ ಇಟ್ಟುಕೊಂಡು ಅಲ್ಲೇ ಕೂತುಬಿಟ್ಟೆವು.

"ಇಲ್ಲಿ ಬಿಸಿಲೂ ಭಾವನ ಥರಾನೇ ಕಣಕ್ಕ. ಹೇಳ್ದೆ ಕೇಳ್ದೆ ಮುಖ ತಿರುಗಿಸುತ್ತೆ," ಎಂದು ನಕ್ಕಳು. ನಗುತ್ತಲೇ ತನ್ನ ದುಪಟ್ಟಾ ತೆಗೆದು ನನ್ನ ಕಿವಿ ಮುಚ್ಚುವಂತೆ ಬಿಗಿದಳು. ಕೂಸು ಬೋರಲು ಬೀಳುವಷ್ಟು ಬೆಳೆದಿತ್ತು. ಅವಳಿಗೆ ನಾನಿನ್ನೂ ಹಸಿ ಬಾಣಂತಿ.

"ನೀನು ನೆನೀತೀಯಲ್ಲೇ."

"ಬಾಣಂತಿ ಕಿವಿಗೆ ಗಾಳಿ ಹೋಗ್ಬಾರ್ದು, ಸುಮ್ನಿರು. ಫ್ಲೈಟ್ ಬಿಟ್ರೆ ಭಾವ ಹೇಳೇ ಹೇಳ್ತಾರೆ, ಅಲ್ವಾ ಅಕ್ಕ?"

ನಡುಗುತ್ತಿದ್ದಳು. ಗಾಳಿಯಲ್ಲಿ ಕೇಳಿಸಲಿಲ್ಲ ಎಂದು ಸುಮ್ಮನಿರಬಹುದಿತ್ತು. ಗಂಟು ಬಿಚ್ಚಿ ದುಪಟ್ಟಾವನ್ನು ಅವಳ ತಲೆಗೆ ಹೊದಿಸಿದೆ.

"ಬಿಟ್ಟಿದ್ರು ಕಣೇ, ಬೇಸಿಗೇಲೇ. ನಿಮ್ಮ ಭಾವ ಬಂದು ಹೇಳಿದ್ರು. ನಾನೇ ನಿಂಗೆ ಹೇಳ್ಬೇಡಿ ಅಂದೆ. ನಿನ್ನ ಮಗಳ ಹತ್ರ ನಿನ್ನ ಹೋಗೋಕೆ ಬಿಡ್ಲಿಲ್ಲ. ತಪ್ಪಾಯ್ತು ಕಣೇ. ನನ್ನಿಂದ ತಪ್ಪಾಯ್ತು."