ಒಂದೇ ಕೂಗು

ಹುಣಸೂರು ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ನಾಲ್ವರು ಹುಡುಗರಿಗೆ ದೆವ್ವದ ಆಟ ಆಡಿಸುತ್ತಿದ್ದರು. ಕಥೆ ಹೇಳುವವರು ಅವರು, ಅದರೊಳಗಿನ ಸಾಹಸಿಗಳು ನಾವು. ಸಾವು ಬದುಕು ದಾಳ ಬಿದ್ದ ಹಾಗೆ. ಭಯದ ಜಾಗ ಬಂದಾಗ ಕನ್ನಡಕ ತೆಗೆದು ಅಂಗಿಯಂಚಿನಲ್ಲಿ ಒರೆಸುತ್ತಾ, “ಈಗೇನ್ ಮಾಡ್ತೀರ, ಯೋಳ್ರಲಾ?” ಎನ್ನುತ್ತಿದ್ದರು.

ಒಮ್ಮೆ ಕಥೆಯಲ್ಲಿ, ಹೊಗೆಸೊಪ್ಪು ಒಣಗಿಸುವ, ಪಾಳುಬಿದ್ದ ಬ್ಯಾರನ್ ಮನೆಯೊಳಗಿಂದ ಯಾರೋ ನಮ್ಮನ್ನು ಕರೆದರು. ದೆವ್ವ ಮೂರು ಸಲ ಕರೆಯುವುದಿಲ್ಲ, ಮೂರನೆಯ ಕೂಗಿಗೇ ಓಗೊಡಬೇಕು ಎಂದು ಮನೆಯಲ್ಲಿ ಕಲಿತವರು ನಾವು. ಕಾದೆವು. ಎರಡನೆಯ ಕೂಗು ಬರಲಿಲ್ಲ. ಗೆದ್ದೆವೆಂದು ನಕ್ಕೆವು.

ಅವರು ದಾಳಗಳನ್ನು ಡಬ್ಬಿಗೆ ಹಾಕಿದರು. “ಒಳಗಿದ್ದೋನು ಮನುಸ ಕಣ್ರಲಾ. ಒಂದ್ಸಲ ಕೂಗೋಕಷ್ಟೇ ಅವನಿಗೆ ಉಸ್ರಿತ್ತು.”

ಆಮೇಲೆ ವರ್ಷಗಳು ಕಳೆದಂತೆ ಒಬ್ಬೊಬ್ಬರಾಗಿ ಆಟಕ್ಕೆ ಹೋಗುವುದು ಬಿಟ್ಟೆವು. ಕೊನೆಗೆ ಬಿಟ್ಟವನು ನಾನು.

ಕಳೆದ ತಿಂಗಳು ಒಂದು ಭಾನುವಾರ ಮಡಿಕೇರಿ ಬಸ್ಸಿಗೆ ಓಡುತ್ತಿದ್ದೆ. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಮೇಜಿನ ಸುತ್ತ ನಾಲ್ಕು ಖಾಲಿ ಸ್ಟೂಲು. ಅವರು ಕನ್ನಡಕ ಒರೆಸುತ್ತಾ ನನ್ನ ಹೆಸರು ಹಿಡಿದು ಕರೆದರು. ಬಸ್ಸು ಹೊರಟಿತ್ತು, ಹತ್ತಿಬಿಟ್ಟೆ. ಇನ್ನೊಮ್ಮೆ ಕರೆದರೆ ಇಳಿಯೋಣವೆಂದು, ತಿರುವು ದಾಟುವವರೆಗೂ ಮೆಟ್ಟಿಲ ಮೇಲೇ ನಿಂತಿದ್ದೆ.