ಹಿಂದಿನ ಬೆಂಚಿನಿಂದ ಕಾಣದ ಏಣಿ

ಬಾಗಲಕೋಟೆ ಕಡೆಯ ಸಂಗವ್ವ ಬ್ಯಾಟರಾಯನಪುರದ ಸಣ್ಣ ಶಾಲೆಯೊಂದರಲ್ಲಿ ಎರಡನೇ ತರಗತಿಗೆ ಕನ್ನಡ ಕಲಿಸುತ್ತಿದ್ದರು. ಮುಕ್ಕಾಲು ಪಾಲು ಮಕ್ಕಳು ಮನೆಯಲ್ಲಿ ಕನ್ನಡ ಆಡದವರು. ಬಾಯಿಪಾಠಕ್ಕಿಂತ ಚಿತ್ರವೇ ಮೇಲೆಂದು ಸಂಗವ್ವ ಹಳೆಯ ಕ್ಯಾಲೆಂಡರುಗಳ ಬೆನ್ನಿಗೆ ತಾವೇ ಚಿತ್ರ ಬರೆದು ಗೋಡೆಗೆ ತೂಗುಹಾಕುತ್ತಿದ್ದರು. ಕೋಲಿಟ್ಟು ತೋರಿಸಿದರೆ ಸಾಕು, ಕೊಡೆ, ಬುಟ್ಟಿ, ಏಣಿ ಎಂದು ಮಕ್ಕಳು ಕೂಗುತ್ತಿದ್ದರು.

ಆಯೇಷಾ ಮಾತ್ರ, ಒಬ್ಬಳನ್ನೇ ಎಬ್ಬಿಸಿ ಕೇಳಿದರೆ, ಏಣಿಗೆ ಬುಟ್ಟಿ ಅನ್ನುವಳು. ಗಮನವಿಲ್ಲದ ಹುಡುಗಿಯೆಂದು ಸಂಗವ್ವ ಜೂನ್‌ನಲ್ಲೇ ಅವಳನ್ನು ಹಿಂದಿನ ಬೆಂಚಿಗೆ ಕಳಿಸಿದ್ದರು.

ಆಗಸ್ಟ್‌ನಲ್ಲಿ ಮುಖ್ಯೋಪಾಧ್ಯಾಯಿನಿ ವೇದಾ, "ಸೋಮವಾರ ನಿಮ್ಮ ಕ್ಲಾಸ್ ನೋಡೋಕೆ ಬರ್ತೀನಿ. ಒಂದೊಂದೇ ಮಗೂನ ಕೇಳ್ತೀನಿ" ಎಂದರು. ಸಂಗವ್ವನಿಗೆ ಅಂದಿನಿಂದ ಆಯೇಷಾಳದೇ ಚಿಂತೆ. ಶುಕ್ರವಾರ ಆಯೇಷಾಳನ್ನು ಕರೆದು, ಚಿತ್ರವನ್ನೇ ಗೋಡೆಯಿಂದ ಬಿಚ್ಚಿ ಕೈಗಿತ್ತರು. ಹುಡುಗಿ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.

"ಏಣಿ. ಕೊಡೆ. ಕೊಡೆ ಕೆಳಗೆ ಬೆಕ್ಕು."

ಬೆಕ್ಕನ್ನು ಸಂಗವ್ವ ಮೂಲೆಯಲ್ಲಿ ಸುಮ್ಮನೆ ಗೀಚಿದ್ದರು. ಇದುವರೆಗೆ ಯಾರೂ ಅದನ್ನು ಗಮನಿಸಿರಲಿಲ್ಲ.

"ಗ್ವಾಡಿ ಮ್ಯಾಲಿದ್ರ ಕಾಣಂಗಿಲ್ಲೇನವ್ವಾ?"

"ಅಲ್ಲಿ ಬರೀ ಬಣ್ಣ ಇರುತ್ತೆ, ಮಿಸ್."

ಹುಡುಗಿಯ ಅಪ್ಪ ಸರ್ದಾರ್ ಸಂಜೆ ಕರೆದೊಯ್ಯಲು ಬರುವವರೆಗೂ ಏನು ಹೇಳುವುದೆಂದು ಸಂಗವ್ವ ಮನಸ್ಸಿನಲ್ಲೇ ತಿರುಗಿಸಿ ಮುರುಗಿಸಿ ನೋಡಿದರು. ಕಡೆಗೆ ಗೇಟಿನ ಬಳಿ ನೇರವಾಗಿ ಹೇಳಿಬಿಟ್ಟರು: "ಇಕಿಗೆ ದೂರದ್ದು ಕಾಣಂಗಿಲ್ರೀ. ಹಿಂದ ಕುಂದ್ರಿಸಿದಾಕಿ ನಾನ ರೀ. ತಪ್ಪು ನಂದು."

ಸರ್ದಾರ್ ಮಗಳ ತಲೆ ಸವರಿದ. "ಮನೇಲಿ ಟಿವಿಗೆ ಅಂಟ್ಕೊಂಡು ಕೂತ್ಕೋತಾಳೆ ಮೇಡಂ. ನಾನೂ ಬೈದು ಹಿಂದಕ್ಕೆ ಎಳೀತಿದ್ದೆ."

ಶನಿವಾರ ಕಣ್ಣಾಸ್ಪತ್ರೆಗೆ ಸಂಗವ್ವನೂ ಹೋದರು. ಎರಡೂ ಕಣ್ಣಿಗೆ ದೂರದ್ದು ಕಾಣದು, ಕನ್ನಡಕ ಬೇಕೇಬೇಕು, ಎಡಗಣ್ಣಂತೂ ತೀರ ಮಂದವಾಗಿದೆ, ದಿನಾ ಕೆಲವು ಗಂಟೆ ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಕೆಲಸ ಕೊಡಬೇಕು ಎಂದರು ಡಾಕ್ಟರು. "ಎಷ್ಟು ಸರಿ ಹೋಗುತ್ತೆ ಅಂತ ಈಗ್ಲೇ ಹೇಳೋಕಾಗಲ್ಲ." ಜೂನ್‌ನಲ್ಲೇ ತಿಳಿದಿದ್ದರೆ ಎಂದು ಕೇಳಲು ಸಂಗವ್ವನಿಗೆ ಬಾಯಿ ಬರಲಿಲ್ಲ.

ಸೋಮವಾರ ಆಯೇಷಾ ಮುಂದಿನ ಬೆಂಚಿನಲ್ಲಿ ಕೂತು, ಕನ್ನಡಕ ಇನ್ನೂ ಬಾರದ್ದರಿಂದ ಚಿತ್ರವನ್ನು ಕೈಯಲ್ಲಿ ಹಿಡಿದೇ ಉತ್ತರ ಹೇಳಿದಳು. ಪಾಠ ಚೆನ್ನಾಗಿದೆಯೆಂದು ವೇದಾ ಬರೆದು ಹೋದರು. ಸಂಗವ್ವನಿಗೆ ಸಮಾಧಾನವಾಗಲಿಲ್ಲ. ಮರುದಿನ ಉಳಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೋಣೆಯ ಆ ತುದಿಗೆ ನಿಲ್ಲಿಸಿ ಚಿತ್ರ ತೋರಿಸುತ್ತ ಬಂದರು. ಹದಿನೇಳನೆಯವನು ನದೀಮ್. ಅವನು ಕಣ್ಣು ಕಿರಿದುಮಾಡಿದ.