ಬಿಳಿ ಕಣಗಳಿಗೆ ಮಳೆಗಾಲದ ರಜೆ

ನಾವುಂದದ ಮೀನುಗಾರರೊಬ್ಬರು ಕುಂದಾಪುರದ ನಮ್ಮ ಲ್ಯಾಬಿಗೆ ರಕ್ತ ಪರೀಕ್ಷೆಗೆ ಬರುತ್ತಿದ್ದರು. ದೇಹ ಕಾಯಬೇಕಾದ ಬಿಳಿ ರಕ್ತಕಣಗಳೇ ಅವರ ಕರುಳಿನ ಮೇಲೆ ಬಿದ್ದಿದ್ದವು. ಅವನ್ನು ತಗ್ಗಿಸಲು ಮಾತ್ರೆ. ತೀರಾ ತಗ್ಗದಂತೆ ನೋಡಲು ನಮ್ಮ ಪರೀಕ್ಷೆ.

ಒಂದು ಜುಲೈ ಕೊನೆಗೆ ನೋಡಿದರೆ ಕಣಗಳ ಸಂಖ್ಯೆ ಏರಿತ್ತು. ಮಲದಲ್ಲಿ ಮತ್ತೆ ರಕ್ತ ಹೋಗುತ್ತಿದೆ ಎಂದು ಅವರೇ ಹೇಳಿದರು.

“ಮಾತ್ರೆ ತಗೊಳ್ತಿದ್ದೀರಲ್ಲ?” ಎಂದೆ.

“ಬೋಟ್ ಈಗ ದಡದಗೆ ಇತ್ತಲ್ದಾ? ಕಡಲಿಗೆ ಹೋಪತಿಗೆ ಮಾತ್ರ ತಿಂಬುದ್. ಬೋಟಂಗೆ ಕಕ್ಕಸ್ ಇಲ್ಲ ಕಾಣಿ. ಮನಿಯಗ್ ಇಪ್ಪತಿಗೆ ಎಂತಕ್?”

ಕಡಲಿಗೆ ಹೋಗುವಾಗ ಮಾತ್ರ ತಿಂದು ಮನೆಯಲ್ಲಿರುವಾಗ ಬಿಡಲು ಇದು ಹೊಟ್ಟೆನೋವಿನ ಮಾತ್ರೆಯ ಹಾಗಲ್ಲ, ಕಣಗಳು ಒಂದು ಎರಡಾಗಿ ಹೆಚ್ಚುವುದನ್ನೇ ನಿಧಾನವಾಗಿ ತಡೆಯುತ್ತದೆ ಎಂದೆ. ನಡುವೆ ಬಿಟ್ಟರೆ ಅವು ಮತ್ತೆ ಹೆಚ್ಚುತ್ತವೆ, ಪುನಃ ಹತೋಟಿಗೆ ಬರಲು ತಿಂಗಳುಗಳೇ ಬೇಕು, ಇವತ್ತೇ ಡಾಕ್ಟರನ್ನು ಕಾಣಿ ಎಂದೂ ಹೇಳಿದೆ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯಲು ಇನ್ನು ವಾರವೂ ಇರಲಿಲ್ಲ. ಅವರು ರಿಪೋರ್ಟ್ ಮಡಚಿ ಜೇಬಿಗಿಟ್ಟರು.

“ಮೀನ್ ಮರಿ ಮಾಡ್ಲಿ ಅಂದ್ಹೇಳಿ ಸರ್ಕಾರ ಬಲೆ ಹಾಕುದ್ ನಿಲ್ಸಿತ್. ನಾನ್ ಈ ಕಣಕ್ಕೂ ರಜೆ ಕೊಟ್ಟೆ.”

ಆ ವರ್ಷ ಕಡಲಲ್ಲಿ ಮೀನು ಹೆಚ್ಚಿತೋ ಇಲ್ಲವೋ ನನಗೆ ಗೊತ್ತಿಲ್ಲ. ಬೋಟ್ ಮಾತ್ರ ಅವರನ್ನು ದಡದಲ್ಲೇ ಬಿಟ್ಟು ಹೋಯಿತು.